ಆ ರಸ್ತೆಯಲ್ಲಿ ನಾನು ದುಡ್ಡು ಬಿಚ್ಚಿದ್ದು ಸೈಕಲ್ ಹತ್ತಿದ ಮೇಲೆ

ಬೆಂಗಳೂರಿನ ಅಗರದಿಂದ ಕಾಡುಬೀಸನಹಳ್ಳಿಯ ಆಫೀಸಿಗೆ ಹೊರವರ್ತುಲ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಆಸುಪಾಸು. ವರ್ಷಗಟ್ಟಲೆ ಕಾರಲ್ಲೇ ಓಡಾಡಿದವನು ನಾನು. ದಾರಿಯ ಇಬ್ಬಲೂರು ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡರೆ ಅಷ್ಟು ದೂರಕ್ಕೆ ಒಂದು ಗಂಟೆಯೂ ಹಿಡಿಯುತ್ತಿತ್ತು. ಸೈಕಲ್ ಆಸೆ ಇದ್ದರೂ ಟ್ಯಾಂಕರ್, ಬಸ್ಸುಗಳ ಪಕ್ಕದಲ್ಲಿ ತುಳಿಯುವ ಧೈರ್ಯ ಬಂದಿರಲಿಲ್ಲ.

2020ರಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್. ಪುರ ನಡುವೆ ಸುಮಾರು 17 ಕಿ.ಮೀ. ಸೈಕಲ್ ಪಥಕ್ಕೆ ನಗರ ಭೂ ಸಾರಿಗೆ ನಿರ್ದೇಶನಾಲಯ ಕೈಹಾಕಿತು. ಗೆರೆಯ ಜೊತೆಗೆ, ಬೇರೆ ವಾಹನ ಒಳಗೆ ನುಗ್ಗದಂತೆ ಸಾಲಾಗಿ ಗಿಡ್ಡ ಕಂಬಗಳನ್ನೂ ನೆಟ್ಟಿದ್ದರು. ನನ್ನನ್ನು ಸೈಕಲ್ ಹತ್ತಿಸಿದ್ದು ಆ ಕಂಬಗಳೇ.

ಮೊದಲು ಒಂದು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹೋಗಿ ಬಂದೆ. ಎಲ್ಲಿ ಚರಂಡಿಯ ಜಾಲರಿ ಚಕ್ರ ನುಂಗುತ್ತದೆ, ಎಲ್ಲಿ ಪಥ ಥಟ್ಟನೆ ಮುಗಿದು ಬಸ್ ಸ್ಟಾಪ್ ಎದುರಾಗುತ್ತದೆ ಅಂತ ಗುರುತು ಮಾಡಿಕೊಂಡೆ. ಬೆನ್ನಿನ ಬ್ಯಾಗ್ ಬಿಟ್ಟು ಕ್ಯಾರಿಯರ್‌ಗೆ ಚೀಲ ಕಟ್ಟಿದ ಮೇಲೆ ಬೆವರು ಅರ್ಧಕ್ಕರ್ಧ ಇಳಿಯಿತು. ಎರಡು ಜೊತೆ ಬಟ್ಟೆ ಆಫೀಸಿನಲ್ಲೇ ಇಟ್ಟೆ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ. ಈ ಒಂದು ಮಾತನ್ನು ಯಾರಿಗಾದರೂ ಒತ್ತಿ ಹೇಳುತ್ತೇನೆ. ಏಳೂವರೆಗೆ ಹೊರಟರೆ ಮೂವತ್ತೈದು ನಿಮಿಷ. ಯಾವ ದಿನವಾದರೂ ಅಷ್ಟೇ. ಮನೆಯಲ್ಲಿ "ಇಷ್ಟು ಹೊತ್ತಿಗೆ ಬರ್ತೀನಿ" ಅಂತ ಹೇಳಿ ಅದೇ ಹೊತ್ತಿಗೆ ಬರುವ ಸುಖ ಬೆಂಗಳೂರಿನಲ್ಲಿ ಸಣ್ಣದಲ್ಲ.

ನಾನು ಎಣಿಸಿರದ ಇನ್ನೊಂದು ಬದಲಾವಣೆ ಆಯಿತು. ಕಾರಿದ್ದಾಗ ಆ ರಸ್ತೆಯ ಒಂದು ಅಂಗಡಿಗೂ ನನ್ನ ಕಾಸು ಹೋಗಿರಲಿಲ್ಲ. ನಿಲ್ಲಿಸಲು ಜಾಗವೇ ಇಲ್ಲ, ದುಡ್ಡೆಲ್ಲ ಪೆಟ್ರೋಲ್ ಬಂಕಿಗೆ. ಸೈಕಲ್ ಬಂದ ಮೇಲೆ ಬೆಳ್ಳಂದೂರಿನ ಹತ್ತಿರ ಎಳನೀರು, ಪಕ್ಕದ ಹೋಟೆಲಿನಲ್ಲಿ ಖಾಲಿ ದೋಸೆ, ಪಂಕ್ಚರ್ ಅಂಗಡಿಯಲ್ಲಿ ಗಾಳಿ, ವಾಪಸ್ ಬರುವಾಗ ಸೊಪ್ಪು. ಒಂದು ಕಾಲು ನೆಲಕ್ಕಿಟ್ಟರೆ ನಾನು ಗಿರಾಕಿ. ಎಳನೀರಿನವರು ದೂರದಿಂದಲೇ ನನ್ನ ಹೆಲ್ಮೆಟ್ ಕಂಡು ಗಂಜಿ ಇರುವ ಕಾಯಿ ಆರಿಸಿ ಕೆತ್ತಲು ಶುರು ಮಾಡುತ್ತಿದ್ದರು. "ಸೈಕಲ್ಲೋರು ನಿಂತು ಕುಡೀತಾರೆ ಸಾರ್, ಕಾರೋರು ಹಾರ್ನ್ ಹೊಡೀತಾರೆ," ಅಂದರು ಒಮ್ಮೆ.

ನ್ಯೂಯಾರ್ಕಿನ ನೈನ್ತ್ ಅವೆನ್ಯೂದಲ್ಲಿ 2007ರಲ್ಲಿ ಹೀಗೆಯೇ ಬೇರ್ಪಡಿಸಿದ ಪಥ ಮಾಡಿದ್ದರು. ಒಂದು ಭಾಗದ ಸ್ಥಳೀಯ ಅಂಗಡಿಗಳ ವ್ಯಾಪಾರ ಶೇ 49ರವರೆಗೆ ಏರಿತೆಂದು ಅಲ್ಲಿನ ಸಾರಿಗೆ ಇಲಾಖೆ 2012ರಲ್ಲಿ ವರದಿ ಮಾಡಿತು. ನಮ್ಮಲ್ಲೂ ಅಷ್ಟೇ ಏರುತ್ತದೆ ಎನ್ನಲಾರೆ. ಆದರೆ ಪಾರ್ಕಿಂಗ್ ಹೋದರೆ ಗಿರಾಕಿ ಹೋದ ಎಂಬ ಅಂಗಡಿಯವರ ಭಯಕ್ಕೆ ಉತ್ತರ ಅಲ್ಲಿದೆ. ಒಂದು ಕಾರಿನ ಜಾಗದಲ್ಲಿ ಸುಲಭವಾಗಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ.

ಮುಂದೆ ಮೆಟ್ರೊ ಕಾಮಗಾರಿ ಬಂತು, ಕಂಬಗಳು ಹೋದವು. ಕಂಬ ಹೋದ ಕಡೆ ವಾರದೊಳಗೆ ಬೈಕುಗಳು ನುಗ್ಗಿದವು, ಗೂಡ್ಸ್ ಆಟೊಗಳು ನಿಂತವು. ಮೆಟ್ರೊ ಬೇಕು, ಖಂಡಿತ ಬೇಕು. ಆದರೆ ಅದರ ಕೆಳಗಿನ ರಸ್ತೆ ಮತ್ತೆ ಕಟ್ಟುವಾಗ ಪಥಕ್ಕೆ ಬಣ್ಣ ಬಳಿದು ಕೈತೊಳೆದುಕೊಳ್ಳಬಾರದು. ಕಿತ್ತೊಗೆಯಲಾಗದ ಕಲ್ಲಿನ ಅಂಚು ಕಟ್ಟಲಿ, ಸ್ಟೇಷನ್ ಬಾಗಿಲವರೆಗೂ ಮುಟ್ಟಿಸಲಿ.

ಸದ್ಯ ಎಚ್‌ಎಸ್‌ಆರ್ ಬಡಾವಣೆಯ ಒಳರಸ್ತೆಗಳಲ್ಲಿ ಸುತ್ತು ಹಾಕಿ ಹೋಗುತ್ತಿದ್ದೇನೆ. ಹತ್ತು ನಿಮಿಷ ಜಾಸ್ತಿ. ಹೋದ ತಿಂಗಳು ಬಸ್ಸಿನಿಂದ ಇಳಿದಾಗ ಸೊಪ್ಪಿನ ಅಜ್ಜಿ ಗುರುತು ಹಿಡಿದು, "ಸೈಕಲ್ ಮಾರ್ಬಿಟ್ಯೇನಪ್ಪಾ?" ಅಂತ ಕೇಳಿದರು.