ಸುಳಿ ಕೊಳೆತ ತೆಂಗನ್ನು ಉಳಿಸುವುದು ಹೇಗೆ?

ಆಟಿ ತಿಂಗಳ ಮಳೆ ಹಿಡಿದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟಗಳಲ್ಲಿ ಎಳೆ ತೆಂಗುಗಳ ಸುಳಿ ಕೊಳೆಯಲು ಶುರುವಾಗುತ್ತದೆ. ಮದ್ದು ಕಾಣದೆ ಸತ್ತ ಮರಗಳಿಗಿಂತ ಮದ್ದು ಮೆತ್ತಿಸಿಕೊಂಡೇ ಸತ್ತವನ್ನು ನಾನು ಹೆಚ್ಚು ನೋಡಿದ್ದೇನೆ. ಕೊಳೆತದ್ದರಲ್ಲಿ ಅರ್ಧ ಉಳಿಸಿ ಮೇಲೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಪೇಸ್ಟ್ ಬಳಿದರೆ ದುಡ್ಡೂ ಹೋಗುತ್ತದೆ, ಮರವೂ ಹೋಗುತ್ತದೆ.

ಮೊದಲು ರೋಗ ಗುರುತಿಸಿ. ನಡುವಿನ ಸುಳಿಗರಿ ಬಾಡಿ, ಎಳೆದರೆ ಸಲೀಸಾಗಿ ಕಿತ್ತು ಬಂದು, ಬುಡ ನಾರುತ್ತಿದ್ದರೆ ಅದು ಸುಳಿಕೊಳೆ. ಅಡಕೆಗೆ ಕೊಳೆರೋಗ ತರುವ, ಶಿಲೀಂಧ್ರದಂಥ ರೋಗಾಣು ಫೈಟಾಫ್ತೊರಾದ ಕುಲದ್ದೇ ಇದು. ಬಿಚ್ಚಿದ ಗರಿ ಕತ್ತರಿಯಾಡಿಸಿದ ಹಾಗೆ ಕಂಡರೆ ಕುರುವಾಯಿ ದುಂಬಿಯ ಕೆಲಸ. ಕಾಂಡದ ತೂತಿನಿಂದ ಕಂದು ರಸ, ಜಗಿದ ನಾರು ಬರುತ್ತಿದ್ದರೆ ಕೆಂಪುಮೂತಿ ಹುಳು. ಆ ಎರಡಕ್ಕೂ ಈ ಪೇಸ್ಟ್ ಮದ್ದಲ್ಲ.

ಮಳೆ ಬಿಟ್ಟ ಹೊತ್ತು ನೋಡಿ ಮರ ಹತ್ತಿಸಿ. ಕತ್ತಿ ಹರಿತವಾಗಿರಲಿ.

ಕೆಲಸ ಕೆಡುವುದು ಕಡಿಯುವಾಗ. ಮರದ ಮೇಲಿದ್ದವರಿಗೆ ಇಳಿಯುವ ಅವಸರ, ಕೆಳಗೆ ನಿಂತ ಯಜಮಾನರಿಗೆ ಮಡಲು (ಗರಿ) ಹೋದರೆ ಫಸಲು ಹೋದೀತೆಂಬ ಆಸೆ. ತೆಂಗಿಗೆ ಇರುವುದು ಒಂದೇ ಮೊಳಕೆ. ಸುಳಿಯ ಬುಡದಲ್ಲಿರುವ ಅದು ಕೊಳೆತರೆ ಸುತ್ತಲ ಮಡಲು ತಿಂಗಳುಗಟ್ಟಲೆ ಹಸಿರಾಗಿದ್ದರೂ ಮರ ಮುಗಿದ ಹಾಗೆಯೇ. ಹಾಗಾಗಿ ಸುಳಿ ಕಿತ್ತು, ಕೈ ಆಡದಿದ್ದರೆ ಪಕ್ಕದ ಎಳೆ ಮಡಲುಗಳನ್ನೂ ತೆಗೆಸಿ. ಕಂದು ಬಣ್ಣದ್ದು, ನೀರು ಕುಡಿದು ಮೆತ್ತಗಾದದ್ದು ಎಲ್ಲವನ್ನೂ ತುಸುತುಸುವೇ ಕೆತ್ತುತ್ತಾ ಬರಬೇಕು. ಒಣ ಬಟ್ಟೆಯಿಂದ ಒರೆಸಿ ನೋಡಿ: ಸುತ್ತಲೂ ಗಟ್ಟಿ ಬಿಳಿ ತಿರುಳು ಕಾಣಬೇಕು, ನಾತ ಇರಬಾರದು. ಒಂದು ಬದಿಯಲ್ಲಿ ಕಂದು ಗೆರೆ ಉಳಿದರೂ ಕೊಳೆ ಅಲ್ಲಿಂದಲೇ ಮತ್ತೆ ಇಳಿಯುತ್ತದೆ. ಕೆತ್ತಿದ್ದನ್ನು ಮರದ ಬುಡಕ್ಕೆ ಎಸೆಯಬೇಡಿ, ಗೋಣಿಯಲ್ಲಿ ಇಳಿಸಿ ಸುಟ್ಟುಬಿಡಿ. ಇನ್ನೊಂದು ಮರ ಮುಟ್ಟುವ ಮುನ್ನ ಕತ್ತಿ ತೊಳೆಯಿರಿ.

ಇನ್ನು ಪೇಸ್ಟ್. 100 ಗ್ರಾಂ ಮೈಲುತುತ್ತನ್ನು ಪುಡಿ ಮಾಡಿ ಅರ್ಧ ಲೀಟರ್ ನೀರಲ್ಲಿ ಕರಗಿಸಿ. ಬೇರೆ ಪಾತ್ರೆಯಲ್ಲಿ 100 ಗ್ರಾಂ ಸುಟ್ಟ ಸುಣ್ಣವನ್ನು ಅರಳಿಸಿ, ಅರ್ಧ ಲೀಟರ್ ನೀರಲ್ಲಿ ಕದಡಿ ಸೋಸಿ. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಇರಲಿ, ಕಬ್ಬಿಣದ್ದು ಬೇಡವೇ ಬೇಡ. ಸುಣ್ಣದ ನೀರು ಕಲಕುತ್ತಿರುವಾಗ ಅದಕ್ಕೆ ತುತ್ತಿನ ನೀರು ಹೊಯ್ಯಿರಿ. ತಿರುಗುಮುರುಗು ಮಾಡಿದರೆ ಪೇಸ್ಟ್ ಕೆಡುತ್ತದೆ. ಉಜ್ಜಿ ಹೊಳಪು ಮಾಡಿದ ಚೂರಿಯನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಈ ಪರೀಕ್ಷೆ ತಪ್ಪಿಸಿದವರೇ ಆಮೇಲೆ ಎಳೆ ತಿರುಳು ಸುಟ್ಟಿತೆಂದು ತುತ್ತಿಗೆ ಬೈಯುವುದು. ನನಗೆ ಹೊಸ ಚಿಪ್ಪು ಸುಣ್ಣವೇ ಇಷ್ಟ. ಬಾಯಿ ಬಿಚ್ಚಿ ಮೂಲೆಯಲ್ಲಿ ಬಿದ್ದಿದ್ದ ಹಳೇ ಸುಣ್ಣ ಗಾಳಿ ತಾಗಿ ಸತ್ತಿರುತ್ತದೆ. ನೀರಿಗೆ ಸುರಿದರೆ ಸಾಕೆನ್ನುವ ಸಿದ್ಧ ಪುಡಿಗಳನ್ನು ನಾನು ತರುವುದಿಲ್ಲ. ‘ಜೊತೆಗೆ ಒಂದು ಕೀಟನಾಶಕವೂ ಇರಲಿ’ ಎನ್ನುವ ಅಂಗಡಿಯವರಿಗಂತೂ ಕಿವಿಗೊಡಬೇಡಿ. ಗೇರುತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು ಎಣ್ಮಕಜೆ ಗ್ರಾಮದ ಜನ ಕಾಯಿಲೆ ಬಿದ್ದ ಗತಿ ಕಂಡ ಊರು ನಮ್ಮದು. ಬೇಡದ ವಿಷ ಕೊಳ್ಳುವ ಹಂಗೇಕೆ?

ಪೇಸ್ಟ್ ಅದೇ ದಿನ ಮುಗಿಯಬೇಕು. ಕೆತ್ತಿದ ಗಾಯಕ್ಕೆಲ್ಲ ದಪ್ಪಗೆ ಬಳಿದು, ಮಳೆನೀರು ಇಳಿಯದಂತೆ ಮೇಲೆ ಪ್ಲಾಸ್ಟಿಕ್ ಕಟ್ಟಿಸಿ. ಅಡಕೆ ಗೊನೆಗೆ ಕಟ್ಟುವ ಕೊಟ್ಟೆ ಉಳಿದಿದ್ದರೆ ಅದೇ ಸಾಕು, ಗಾಳಿಯಾಡಲು ಬದಿ ತುಸು ಸಡಿಲವಿರಲಿ. ಮುಚ್ಚದೆ ಬಿಟ್ಟರೆ ಒಂದೇ ಜಡಿಮಳೆಗೆ ಮದ್ದು ಕಾಂಡದಲ್ಲಿ ನೀಲಿ ಗೆರೆಯಾಗಿ ಹರಿದು ಹೋಗುತ್ತದೆ. ಹಸಿಗಾಯದ ವಾಸನೆಗೆ ಕೆಂಪುಮೂತಿ ಹುಳುವೂ ಬರುತ್ತದೆ.

ಹೊಸ ಸುಳಿ ಮೂಡುವ ತನಕ ಹೊದಿಕೆ ಇರಲಿ. ಮೊದಲ ಒಂದೆರಡು ಗರಿ ಗಿಡ್ಡವಾಗಿ, ಮುದುಡಿಕೊಂಡು ಬಂದರೆ ಹೆದರಿ ಕಡಿಯಬೇಡಿ. ಸುತ್ತಲ ಮರಗಳ ಸುಳಿಗೆ ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಿ: 100 ಲೀಟರ್ ನೀರಿಗೆ ತುತ್ತು 1 ಕಿಲೋ, ಸುಣ್ಣ 1 ಕಿಲೋ, ಚೂರಿಯ ಪರೀಕ್ಷೆ ಇದಕ್ಕೂ ಬೇಕು. ಮೊಳಕೆಯೇ ಕೊಳೆತಿದ್ದರೆ ಆಸೆ ಬಿಟ್ಟು ಮರ ಕಡಿಸಿ, ತಲೆಯನ್ನು ಸುಡಿ. ಗುರುತಿಸುವುದರಲ್ಲಿ ಅನುಮಾನ ಬಂದರೆ ಕಾಸರಗೋಡು ಬಳಿಯ ಕೂಡ್ಲಿನಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ) ಇದೆ, 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಜಾಗ. ಕೊಳೆತ ಸುಳಿಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಂಡೇ ಹೋಗಿ.