ಸಾಂಚೊನ ‘ಇನ್ಸುಲಾ’ ಹಿಂದೆ ಬಿದ್ದು

ಸ್ಪ್ಯಾನಿಶ್ ಒಂದಿಷ್ಟು ಕೈಗೆ ಹತ್ತಿದ ಮೇಲೆ, ಸೆರ್ವಾಂಟೆಸ್‌ನ ಕಾದಂಬರಿ ‘ಡಾನ್ ಕಿಹೋಟೆ’ಯ ಕೆಲವು ಅಧ್ಯಾಯ ಕನ್ನಡಕ್ಕೆ ತರೋಣ ಅಂತ ಕೂತೆ. ಮೊದಲ ಭಾಗದ (1605) ಏಳನೇ ಅಧ್ಯಾಯದಲ್ಲಿ, ವೀರಗಾಥೆ ಓದಿ ಓದಿ ತಾನೂ ವೀರನಾಗಲು ಹೊರಟ ಡಾನ್ ಕಿಹೋಟೆ ನೆರೆಯ ರೈತ ಸಾಂಚೊಗೆ ಆಸೆ ಹಚ್ಚುತ್ತಾನೆ: ನನ್ನ ಜೊತೆ ಬಾ, ಯಾವುದಾದರೂ ‘ಇನ್ಸುಲಾ’ ಗೆದ್ದು ನಿನ್ನನ್ನು ಅದರ ಗವರ್ನರ್ ಮಾಡ್ತೀನಿ. ‘ದ್ವೀಪ’ ಅಂತ ಬರೆದು ಮುಂದೆ ಹೋದೆ. ಎಡವಿದ್ದು ಅಲ್ಲೇ.

ದ್ವೀಪಕ್ಕೆ ಸ್ಪ್ಯಾನಿಶ್ ಆಡುಮಾತು ‘ಇಸ್ಲಾ’. ‘ಇನ್ಸುಲಾ’ ವೀರಗಾಥೆಗಳಿಂದ ಬಂದ ಹಳೇ ಪದ. ಓದು ಬಾರದ ಸಾಂಚೊಗೆ ಅದು, ಸಂಕಲ್ಪದ ‘ಜಂಬೂದ್ವೀಪೇ’ ನಮ್ಮ ಕಿವಿಗೆ ಬಿದ್ದ ಹಾಗೆ. ಎಲ್ಲಿದೆ, ಏನು, ಕೇಳಬೇಡಿ. ಭಾರೀ ಏನೋ ಇರಬೇಕು, ಅಷ್ಟೇ.

ಹಾಗಾಗಿ ಪದವನ್ನೇ ಬೆನ್ನಟ್ಟಿದೆ. ಡಿಜಿಟಲ್ ಪಠ್ಯದಲ್ಲಿ ಹುಡುಕಿದರೆ ಮೊದಲು ಏನೂ ಸಿಗಲಿಲ್ಲ. ಮೊದಲಕ್ಷರದ ನೆತ್ತಿಯ ಗೀಟು ಬಿಟ್ಟಿದ್ದೆ. ಗೀಟು ಹಾಕಿದ ಮೇಲೆ ರಾಶಿ ಬಿತ್ತು. ಯಾರು, ಯಾರಿಗೆ, ಯಾವಾಗ ಹೇಳಿದರು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದೆ.

ಹತ್ತನೇ ಅಧ್ಯಾಯದಲ್ಲಿ ಯಜಮಾನ ಒಂದು ಹೊಡೆದಾಟ ಗೆಲ್ಲುತ್ತಾನೆ. ಸಾಂಚೊ ಮಂಡಿಯೂರಿ ಇನ್ಸುಲಾ ಕೇಳುತ್ತಾನೆ. ಇವು ಇನ್ಸುಲಾ ಸಿಗೋ ಸಾಹಸಗಳಲ್ಲಪ್ಪ, ದಾರಿ ಕೂಡೋ ಕಡೆ ನಡೆಯುವಂಥವು, ತಲೆ ಒಡೆಯುತ್ತೆ ಇಲ್ಲಾ ಒಂದು ಕಿವಿ ಹೋಗುತ್ತೆ ಅನ್ನೋದು ಉತ್ತರ. 52ರಲ್ಲಿ ಹೆಂಡತಿ, ಅದೇನದು ಇನ್ಸುಲಾ ಅಂದರೆ ಅಂತಾಳೆ. ಕತ್ತೆಯ ಬಾಯಿಗಲ್ಲ ಜೇನು ಅಂತ ಇವನು ಜಾರಿಕೊಳ್ಳುತ್ತಾನೆ. (‘ಕತ್ತೆಗೇನು ಗೊತ್ತು ಕಸ್ತೂರಿ’ ಹಾಕಿದೆ. ಇವನಿಗೂ ಗೊತ್ತಿಲ್ಲವಲ್ಲ!) ಎರಡನೇ ಭಾಗದಲ್ಲಿ (1615) ಡಾನ್ ಕಿಹೋಟೆಯ ಸೋದರ ಸೊಸೆ ರೇಗುತ್ತಾಳೆ: ಏನದು ಇನ್ಸುಲಾ, ತಿನ್ನೋದಾ, ಹೊಟ್ಟೆಬಾಕ?

ಈ ಸಾಲಿನಲ್ಲಿ ನನ್ನ ‘ದ್ವೀಪ’ ಸತ್ತುಹೋಯಿತು. ದ್ವೀಪ ತಿನ್ನೋದಾ ಅಂತ ಕನ್ನಡದಲ್ಲಿ ಯಾರು ಕೇಳ್ತಾರೆ? ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಬರೆದಿದ್ದ ಕಡೆಯೆಲ್ಲ ಹೊಡೆದುಹಾಕಿ ‘ಇನ್ಸುಲಾ’ವನ್ನೇ ಉಳಿಸಿದೆ. ‘ಇಸ್ಲಾ’ ಬಂದಲ್ಲಿ ಮಾತ್ರ ದ್ವೀಪ.

ಉಳಿಸಿದ್ದಕ್ಕೆ ಒಂದು ಬಹುಮಾನವೂ ಸಿಕ್ಕಿತು. ಮೊದಲ ಭಾಗದ 26ನೇ ಅಧ್ಯಾಯದಲ್ಲಿ ಸಾಂಚೊಗೆ ಕಾದು ಸಾಕಾಗಿದೆ. ಗಟ್ಟಿ ನೆಲದ ಮೇಲೆ ದೊಡ್ಡ ಜಹಗೀರಿರೋ ಹೆಣ್ಣು ಸಿಕ್ಕರೆ ಸಾಕು, ‘ಇನ್ಸುಲೋಸ್, ಇನ್ಸುಲಾಸ್’ ಎರಡೂ ಬೇಡ ಅನ್ನುತ್ತಾನೆ. ‘ಇನ್ಸುಲಾ’ ಸ್ತ್ರೀಲಿಂಗ; ಅದಕ್ಕೆ ಇಲ್ಲದ ಪುಲ್ಲಿಂಗವನ್ನು ಹುಟ್ಟಿಸಿ ಆ ಪದವನ್ನೇ ಆಡಿಕೊಳ್ಳುತ್ತಿದ್ದಾನೆ. ಇಂಗ್ಲಿಷಿನವರು ಇಲ್ಲಿ ಏನು ಮಾಡ್ತಾರೋ, ನಮ್ಮ ‘ಗಿ’ ಸಿದ್ಧವಾಗಿ ಕೂತಿತ್ತು: “ಇನ್ಸುಲಾ ಗಿನ್ಸುಲಾ ಏನೂ ಬೇಡ.” ಅವತ್ತು ಇನ್ನೊಂದು ಸಾಲೂ ಮಾಡದೆ ಎದ್ದೆ.

ಕೊನೆಗೂ ಡ್ಯೂಕ್ ಒಬ್ಬ ತಮಾಷೆಗೆ ಇನ್ಸುಲಾ ಕೊಡುತ್ತಾನೆ. ಬರತಾರಿಯಾ, ಸುಮಾರು ಸಾವಿರ ಮನೆಗಳ, ಒಳನಾಡಿನ ಊರು. ಅಲ್ಲಿ ವೈದ್ಯನೊಬ್ಬ ಬಡಿಸಿದ ತಟ್ಟೆಯನ್ನೆಲ್ಲ ಆರೋಗ್ಯಕ್ಕೆ ಕೇಡೆಂದು ಎತ್ತಿಸುತ್ತಾನೆ. ತಿನ್ನೋದಾ ಅಂದಿದ್ದ ಹುಡುಗಿ ನೆನಪಾಗುತ್ತಾಳೆ. ಏಳನೇ ರಾತ್ರಿಯ ಗಲಾಟೆಯ ನಂತರ ಸಾಂಚೊ ಅಧಿಕಾರ ಬಿಟ್ಟು, ಕತ್ತೆಗೆ ಒಂದಿಷ್ಟು ಬಾರ್ಲಿ, ತನಗೆ ಅರ್ಧ ಚೀಸು, ಅರ್ಧ ಬ್ರೆಡ್ಡು ಹಿಡಿದು ಹೊರಡುತ್ತಾನೆ. ದಾರಿಯಲ್ಲಿ ಸಿಕ್ಕವನು ಹಳೇ ನೆರೆಯವ ರಿಕೋಟೆ, ದೇಶದಿಂದ ಹೊರದೂಡಿಸಿಕೊಂಡು ವೇಷ ಮರೆಸಿ ಬಂದ ಮೊರಿಸ್ಕೊ, ಅಂದರೆ ಕ್ರೈಸ್ತರಾಗಿ ಮತಾಂತರಗೊಂಡ ಮುಸ್ಲಿಮರ ವಂಶದವ. ಇಷ್ಟು ದೊಡ್ಡ ಪುಸ್ತಕದಲ್ಲಿ ಆ ಪದದ ಅರ್ಥವನ್ನು ಸಾಂಚೊನ ಮುಖಕ್ಕೆ ನೇರವಾಗಿ ಹೇಳುವವನು ಇವನು:

“ಸುಮ್ನಿರೋ ಸಾಂಚೊ, ಇನ್ಸುಲಾ ಇರೋದು ಸಮುದ್ರದೊಳಗೆ. ಗಟ್ಟಿ ನೆಲದ ಮೇಲೆ ಎಲ್ಲಿಂದ ಬರುತ್ತೆ?”

“ಯಾಕಿಲ್ಲ? ಇವತ್ತು ಬೆಳಗ್ಗೆ ತಾನೇ ಅಲ್ಲಿಂದ ಹೊರಟೆ, ರಿಕೋಟೆ.”