ಜೇಬಿಗೊಂದು ಬ್ಯಾಟ್ರಿ: ಡಬ್ಬದ ಮೇಲಿನ ಅಂಕಿ ನಂಬದೆ ಆರಿಸುವುದು ಹೇಗೆ?

ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಟಾರ್ಚಿಗೆ ಈಗಲೂ ಬ್ಯಾಟ್ರಿ ಎಂದೇ ಹೆಸರು. ಒಳಗೆ ಹಾಕುವುದು ಸೆಲ್ಲು. ಮೂರು ಸೆಲ್ಲಿನ ಉದ್ದನೆಯ ತಗಡಿನ ಬ್ಯಾಟ್ರಿ ಅಟ್ಟ ಸೇರಿ ಎಷ್ಟೋ ವರ್ಷವಾಯಿತು, ಅದರ ಜಾಗಕ್ಕೆ ಮೊಬೈಲ್ ಬಂತು. ಆದರೆ ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ಕಾದು ಮೋಟಾರ್ ಹಾಕಲು ಹೋಗುವವರಿಗೆ, ನಸುಕಿನಲ್ಲೇ ಡೇರಿಗೆ ಹಾಲು ಒಯ್ಯುವವರಿಗೆ, ಬೆಳಗಾಗುವ ಮೊದಲೇ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವವರಿಗೆ ಮೊಬೈಲ್ ಬೆಳಕು ಸಾಲದು. ಹತ್ತು ಹೆಜ್ಜೆ ಆಚೆಗೆ ಅದು ಸತ್ತುಹೋಗುತ್ತದೆ. ಒದ್ದೆ ಕೈಯಿಂದ ಜಾರಿ ನಾಲೆಗೆ ಬಿದ್ದರಂತೂ ಹೋಗುವುದು ಬೆಳಕೊಂದೇ ಅಲ್ಲ.

ಈಗ ಎಲ್ಲೆಡೆ ಸಿಗುವುದು 'ಟ್ಯಾಕ್ಟಿಕಲ್' ಎಂಬ ಹೆಸರಿನ ಗೇಣುದ್ದಕ್ಕಿಂತ ಚಿಕ್ಕ ಟಾರ್ಚುಗಳು. ಪೊಲೀಸರು, ಸೈನಿಕರು ಬಳಸುವ ಬಗೆ ಎಂಬುದು ಹೆಸರಿನ ಅರ್ಥ: ಹೆಬ್ಬೆರಳಿಗೆ ಸಿಗುವಂತೆ ಹಿಂಬದಿಯಲ್ಲಿ ಗುಂಡಿ, ಅರ್ಧ ಒತ್ತಿದರೂ ಬೆಳಕು, ಒತ್ತಿದ ತಕ್ಷಣ ಪೂರ್ತಿ ಬೆಳಕು. ಇದರಲ್ಲಿ ಮೊದಲೆರಡು ನಮಗೂ ಬೇಕು. ಮೂರನೆಯದು ಬೇಡ. ಬಾಯಿಯ ಸುತ್ತ ಇರುವ ಹಲ್ಲಿನಂಥ ಲೋಹದ ಅಂಚಂತೂ ಜೇಬು ಹರಿಯುವುದಕ್ಕೆ ಬಿಟ್ಟರೆ ಬೇರೆ ಉಪಯೋಗಕ್ಕೆ ಬಾರದು.

ಹೆಜ್ಜೆ 1: ಬೆಳಕು ಎಲ್ಲಿಗೆ ಬೇಕು?

ಲೂಮೆನ್ ಎಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು. ಕ್ಯಾಂಡೆಲಾ ಎಂದರೆ ಆ ಬೆಳಕು ಒಂದೇ ದಿಕ್ಕಿಗೆ ಎಷ್ಟು ಒತ್ತಾಗಿ ಹೋಗುತ್ತದೆ ಎಂಬುದು. ಪೈಪಿನ ನೀರನ್ನು ನೆನೆಸಿಕೊಳ್ಳಿ: ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ಹೆಚ್ಚಾಗುವುದಿಲ್ಲ, ದೂರ ಹಾರುತ್ತದೆ. ಹಾಗಾಗಿ ಲೂಮೆನ್ ಒಂದೇ ಆದರೂ ಒಂದು ಟಾರ್ಚ್ ಅಂಗಳ ತುಂಬುತ್ತದೆ, ಇನ್ನೊಂದು ತೆಂಗಿನಮರದ ಸುಳಿ ಮುಟ್ಟುತ್ತದೆ.

ಒಳ್ಳೆಯ ಕಂಪನಿಗಳು ಎಫ್‌ಎಲ್ 1 ಎಂಬ ಮಾನದಂಡದಂತೆ ಅಳೆದು ಬೆಳಕಿನ ದೂರವನ್ನು ಡಬ್ಬದ ಮೇಲೆ ಹಾಕುತ್ತವೆ. ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಮೀಟರ್. 2,500 ಕ್ಯಾಂಡೆಲಾಕ್ಕೆ 100 ಮೀಟರ್, 10,000ಕ್ಕೆ 200 ಮೀಟರ್. ಆದರೆ ಆ ಕೊನೆಯ ಮೀಟರಿನಲ್ಲಿ ಉಳಿಯುವುದು 0.25 ಲಕ್ಸ್, ಅಂದರೆ ಹುಣ್ಣಿಮೆಯ ಬೆಳದಿಂಗಳಷ್ಟು. ಅಲ್ಲಿ ಏನೋ ಇದೆ ಎಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಬರೆದಿರುವ ದೂರದಲ್ಲಿ ಅರ್ಧವನ್ನು ನಂಬಿ. ಅಲ್ಲಿ ನಾಲ್ಕು ಪಟ್ಟು ಬೆಳಕಿರುತ್ತದೆ.

ಬದುವಿನ ಮೇಲೆ, ಕಬ್ಬಿನ ಗದ್ದೆಯ ಅಂಚಿನಲ್ಲಿ ನಡೆಯುವವರಿಗೆ 5,000ದಿಂದ 10,000 ಕ್ಯಾಂಡೆಲಾ, ಸುತ್ತ ಸ್ವಲ್ಪ ಹರಡುವ ಬೆಳಕು ಹದವಾದದ್ದು. ಪೇಟೆಯಲ್ಲಿ ಮನೆ, ಮೀಟರ್ ಪೆಟ್ಟಿಗೆ, ಸ್ಕೂಟರಿನ ಡಿಕ್ಕಿ ನೋಡುವುದಕ್ಕಾದರೆ 2,000 ಸಾಕು, ಹರಡಿದಷ್ಟೂ ಒಳ್ಳೆಯದು.

ಹೆಜ್ಜೆ 2: ಡಬ್ಬದ ಸುಳ್ಳು ಹಿಡಿಯುವ ಗುಣಾಕಾರ

ಈ ಲೆಕ್ಕ ಒಂದು ಗೊತ್ತಿದ್ದರೆ ಮುಕ್ಕಾಲು ಪಾಲು ಕಳಪೆ ಮಾಲು ಅಲ್ಲೇ ಉದುರಿಹೋಗುತ್ತದೆ. ಜೇಬಿನ ಟಾರ್ಚುಗಳಲ್ಲಿ ಹೆಚ್ಚಾಗಿ ಬರುವುದು 18650 ಎಂಬ ಲಿಥಿಯಂ ಅಯಾನ್ ಸೆಲ್ಲು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರೇ ಅಳತೆ. ಒಳ್ಳೆಯ ಸೆಲ್ಲಿನಲ್ಲಿ 3,400 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ), 3.6 ವೋಲ್ಟ್. ಗುಣಿಸಿ ಸಾವಿರದಿಂದ ಭಾಗಿಸಿದರೆ ಸುಮಾರು 12 ವ್ಯಾಟ್-ಗಂಟೆ. ಚೆನ್ನಾಗಿ ಮಾಡಿದ ಎಲ್‌ಇಡಿ ಟಾರ್ಚ್ ಒಂದು ವ್ಯಾಟಿಗೆ ಹೆಚ್ಚುಕಡಿಮೆ 100 ಲೂಮೆನ್ ಕೊಡುತ್ತದೆ. ಅಲ್ಲಿಗೆ ಇಡೀ ಸೆಲ್ಲಿನ ಆಸ್ತಿ 1,200 ಲೂಮೆನ್-ಗಂಟೆ. ಅದನ್ನು 100 ಲೂಮೆನ್ನಿನಂತೆ 12 ಗಂಟೆ ಉಣ್ಣಬಹುದು, 400ರಂತೆ 3 ಗಂಟೆ ಉಣ್ಣಬಹುದು. ಕಡಿಮೆ ಬೆಳಕಿನಲ್ಲಿ ಉಳಿತಾಯ ಹೆಚ್ಚು, ಹಾಗಾಗಿ 1,500ರವರೆಗೂ ಎಳೆದರೆ ಒಪ್ಪೋಣ. '10,000 ಲೂಮೆನ್, 8 ಗಂಟೆ' ಎಂದು ಒಂಟಿ ಸೆಲ್ಲಿನ ಡಬ್ಬದ ಮೇಲೆ ಬರೆದಿದ್ದರೆ 80,000 ಆಯಿತು. ವಾಪಸ್ ಇಟ್ಟು ಮುಂದಿನದು ನೋಡಿ.

ಪ್ರಾಮಾಣಿಕ ಡಬ್ಬದಲ್ಲೂ ಒಂದು ಮರ್ಮವಿದೆ. '1,000 ಲೂಮೆನ್, 3 ಗಂಟೆ' ಎಂಬುದನ್ನು ಗುಣಿಸಿದರೆ 3,000 ಬಂದರೂ ಅದು ಸುಳ್ಳೇ ಆಗಬೇಕಿಲ್ಲ, ಏಕೆಂದರೆ ಮೂರು ಗಂಟೆಯೂ ಸಾವಿರವಲ್ಲ. ಹೊತ್ತಿಸಿ 30 ಸೆಕೆಂಡ್ ಆದಾಗ ಇರುವ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಹೊತ್ತನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. ಕೈಯಗಲದ ಅಲ್ಯೂಮಿನಿಯಂ ಕೊಳವೆಗೆ 10 ವ್ಯಾಟಿನ ಕಾವು ತಡೆಯಲಾಗದು, ಒಂದೆರಡು ನಿಮಿಷದಲ್ಲಿ ಟಾರ್ಚ್ ತಾನಾಗಿಯೇ 300–400ಕ್ಕೆ ಇಳಿಯುತ್ತದೆ. ಇಳಿಯುವುದು ದೋಷವಲ್ಲ. ಇಳಿಯದೆ ಕಾದ ಹೆಂಚಿನಂತಾಗುವುದೇ ದೋಷ. ಅಂಥದರಲ್ಲಿ ಎಲ್‌ಇಡಿಯೂ ಸೆಲ್ಲೂ ಬೇಗ ಹಾಳು.

ಆದ್ದರಿಂದ ಟಾರ್ಚನ್ನು ಅಳೆಯಬೇಕಾದದ್ದು ಅದರ ನಡುವಿನ ಮೋಡಿನಿಂದ, ಅಂದರೆ ದೊಡ್ಡದೂ ಅಲ್ಲದ ಚಿಕ್ಕದೂ ಅಲ್ಲದ ಬೆಳಕಿನ ಮಟ್ಟದಿಂದ. 100ರಿಂದ 150 ಲೂಮೆನ್ನಿನ ಒಂದು ಮೋಡ್, ಅದು ಕನಿಷ್ಠ 6–8 ಗಂಟೆ ಒಂದೇ ಸಮ ಉರಿಯಬೇಕು. ನಡೆಯುವಾಗ ಬಳಸುವುದು ಅದನ್ನೇ. ಜೊತೆಗೆ 300–500ರ ಒಂದು ದೊಡ್ಡ ಬೆಳಕು, 1ರಿಂದ 5 ಲೂಮೆನ್ನಿನ ಒಂದು ಮಿಣುಕು ಬೆಳಕು. ಮಲಗಿದ ಮಗು ಏಳದಂತೆ ನೀರಿನ ಚೊಂಬು ಹುಡುಕಲು ಮಿಣುಕೇ ಬೇಕು. ಬೆಳಕು ಕಣ್ಣಿಗೆ ಎರಡು ಪಟ್ಟು ಕಾಣಬೇಕಾದರೆ ಲೂಮೆನ್ ಸುಮಾರು ನಾಲ್ಕು ಪಟ್ಟಾಗಬೇಕು. 800ಕ್ಕೂ 1,000ಕ್ಕೂ ವ್ಯತ್ಯಾಸ ಗೊತ್ತೇ ಆಗದು, ಅದಕ್ಕಾಗಿ ದುಡ್ಡು ಸುರಿಯಬೇಡಿ.

ಹೆಜ್ಜೆ 3: ಸೆಲ್ಲು

ಟಾರ್ಚಿನ ಅಳತೆಯನ್ನು ನಿರ್ಧರಿಸುವುದೇ ಸೆಲ್ಲು. 18650 ಹಾಕುವ ಟಾರ್ಚ್ 11–12 ಸೆಂಟಿಮೀಟರ್ ಉದ್ದ, ಸೆಲ್ಲೂ ಸೇರಿ 100–120 ಗ್ರಾಂ. ಪ್ಯಾಂಟಿನ ಜೇಬಿಗೆ, ಪಟ್ಟಾಪಟ್ಟಿ ನಿಕ್ಕರಿನ ಜೇಬಿಗೆ ಇದೇ ಮಿತಿ. ಅಂಗಿಯ ಜೇಬಿಗೆ, ಹೆಣ್ಣುಮಕ್ಕಳ ಪರ್ಸಿಗೆ ಗೋಡೆ ಗಡಿಯಾರಕ್ಕೆ ಹಾಕುವ ಡಬಲ್ ಎ ಸೆಲ್ಲಿನದೇ ವಾಸಿ: 9 ಸೆಂಟಿಮೀಟರ್ ಉದ್ದ, ತೂಕವೂ ಅರ್ಧ. ರೀಚಾರ್ಜ್ ಆಗುವ ಡಬಲ್ ಎ ನಿಕಲ್ ಸೆಲ್ಲಿನಲ್ಲಿ ಇರುವುದು ಎರಡೂವರೆ ವ್ಯಾಟ್-ಗಂಟೆಯಷ್ಟೆ. ಆದರೆ ತುರ್ತಿಗೆ ಪೆಟ್ಟಿಗೆ ಅಂಗಡಿಯಲ್ಲೂ ಸೆಲ್ಲು ಸಿಗುತ್ತದೆ ಎಂಬ ಅನುಕೂಲ ಸಣ್ಣದಲ್ಲ. ಡಬಲ್ ಎ ಅಳತೆಯದೇ ಆದ 14500 ಎಂಬ ಲಿಥಿಯಂ ಸೆಲ್ಲೂ ಇದೆ. ಅದು 3.7 ವೋಲ್ಟ್. ಟಾರ್ಚಿನ ಕಾಗದದಲ್ಲಿ ಎರಡೂ ನಡೆಯುತ್ತದೆ ಎಂದು ಬರೆದಿರದಿದ್ದರೆ ಹಾಕಬೇಡಿ, ಟಾರ್ಚ್ ಸುಟ್ಟುಹೋಗಬಹುದು.

18650 ಕೊಳ್ಳುವಾಗ ಎಚ್ಚರ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ನಿಜವಾದ ಸೆಲ್ಲುಗಳು 3,500 ಎಂಎಎಚ್ ಆಸುಪಾಸಿನಲ್ಲೇ ನಿಲ್ಲುತ್ತವೆ. ಮೇಲೆ 6,800, 9,900 ಎಂದು ಅಚ್ಚಾಗಿದ್ದರೆ ಅಚ್ಚು ಹಾಕಿದವರ ಕೈ ದೊಡ್ಡದು, ಅಷ್ಟೆ. ಅಸಲಿ ಸೆಲ್ಲು 45–48 ಗ್ರಾಂ ತೂಗುತ್ತದೆ. 35ಕ್ಕಿಂತ ಕಡಿಮೆ ಬಂದರೆ ಒಳಗೆ ಸಣ್ಣ ಸೆಲ್ಲು ಇಟ್ಟು ಹೊದಿಸಿರುತ್ತಾರೆ. ಅಕ್ಕಸಾಲಿಗರ ತಕ್ಕಡಿ ಈ ಕೆಲಸಕ್ಕೆ ಧಾರಾಳ. ಹಳೆಯ ಲ್ಯಾಪ್‌ಟಾಪ್ ಬಿಚ್ಚಿ ತೆಗೆದ ಸೆಲ್ಲು ಅಗ್ಗಕ್ಕೆ ಸಿಗುತ್ತದೆಂದು ಜೇಬಿನಲ್ಲಿ ಇಟ್ಟುಕೊಳ್ಳುವುದು ಬೇಡ. ಇನ್ನೊಂದು: ಅಪಾಯವಾದರೆ ಕರೆಂಟ್ ಕಡಿಯುವ ಪ್ರೊಟೆಕ್ಷನ್ ಸರ್ಕ್ಯೂಟ್ ಇರುವ ಸೆಲ್ಲು 68–70 ಮಿಲಿಮೀಟರ್ ಉದ್ದ ಬರುತ್ತದೆ, ಬಿಗಿಯಾದ ಟಾರ್ಚಿನಲ್ಲಿ ಮುಚ್ಚಳ ಕೂರದು. ಕೆಲವು ಸೆಲ್ಲಿಗೆ ಉಬ್ಬಿದ ತುದಿ, ಕೆಲವಕ್ಕೆ ಚಪ್ಪಟೆ ತುದಿ. ಮನೆಯಿಂದ ಟಾರ್ಚ್ ಒಯ್ದು ಹಾಕಿ ನೋಡಿಯೇ ದುಡ್ಡು ಕೊಡಿ.

ಸೆಲ್ಲು ಒಳಗೇ ಬೆಸೆದಿರುವ ಟಾರ್ಚ್ ಬೇಡ. ಮುನ್ನೂರು-ಐನೂರು ಸಲ ಚಾರ್ಜ್ ಆದಮೇಲೆ ಲಿಥಿಯಂ ಸೊರಗುತ್ತದೆ. ಆಗ ಒಳ್ಳೆಯ ಟಾರ್ಚೂ ಅದರ ಜೊತೆ ಗುಜರಿಗೆ.

ಹೆಜ್ಜೆ 4: ಗುಂಡಿ

ಹಿಂಬದಿಯ ಗುಂಡಿಯಲ್ಲಿ ಎರಡು ಜಾತಿ. ಒಂದರಲ್ಲಿ ಅರ್ಧ ಒತ್ತಿದಾಗಲೇ ಬೆಳಕು, ಬಿಟ್ಟರೆ ಆರುತ್ತದೆ, ಪೂರ್ತಿ ಒತ್ತಿದರೆ 'ಟಕ್' ಎಂದು ನಿಲ್ಲುತ್ತದೆ. ಇನ್ನೊಂದರಲ್ಲಿ 'ಟಕ್' ಆದಮೇಲೆಯೇ ಬೆಳಕು. ಚಕ್ಕನೆ ಹೊತ್ತಿಸಿ, ನೋಡಿ, ನಂದಿಸುವವರಿಗೆ ಮೊದಲನೆಯದು. ಹೊತ್ತಿಸಿದ ಕೂಡಲೇ ಯಾವ ಮೋಡ್ ಬರುತ್ತದೆಂದು ಐದಾರು ಸಲ ಒತ್ತಿ ನೋಡಿ. ಕೊನೆಗೆ ಬಿಟ್ಟ ಮೋಡಿನಲ್ಲೇ ಹೊತ್ತಬೇಕು, ಇಲ್ಲವೇ ಚಿಕ್ಕದರಿಂದ ಶುರುವಾಗಬೇಕು. ದೊಡ್ಡದು, ನಡುವಿನದು, ಚಿಕ್ಕದು, ಮಿಂಚು, ಎಸ್‌ಒಎಸ್ (ಅಪಾಯದ ಸಂಕೇತ) ಎಂದು ಪ್ರತಿ ಸಲ ಐದನ್ನೂ ಸುತ್ತಿಸುವ ಟಾರ್ಚ್ ತಂದರೆ ಬದುವಿನ ಮೇಲೆ ನಿಂತು ದೀಪಾವಳಿ ಮಾಡಬೇಕಾಗುತ್ತದೆ.

ಹೆಜ್ಜೆ 5: ಬೆಳಕಿನ ಬಣ್ಣ

6,500 ಕೆಲ್ವಿನ್ನಿನ ನೀಲಿ ಛಾಯೆಯ ಬಿಳಿ ಜೋರಾಗಿ ಕಾಣುತ್ತದೆ, ಆದರೆ ಅದರಲ್ಲಿ ಕಂದು ಬಣ್ಣಗಳೆಲ್ಲ ಒಂದೇ. ತರಗೆಲೆಯ ಮೇಲೆ ಮಲಗಿದ ಕೊಳಕುಮಂಡಲ ತರಗೆಲೆಯೇ ಆಗಿಬಿಡುತ್ತದೆ. 4,000ದಿಂದ 5,000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90 ಎಂದು ಬರೆದದ್ದು ಸಿಕ್ಕರೆ ಲೂಮೆನ್ ಸ್ವಲ್ಪ ಕಡಿಮೆಯಾದರೂ ಅದನ್ನೇ ತೆಗೆದುಕೊಳ್ಳಿ.

ಹಿಡಿಯುವ ರೀತಿಯಲ್ಲೂ ಇದೆ ವಿದ್ಯೆ. ನೆಲ ನೋಡುವಾಗ ಟಾರ್ಚ್ ಸೊಂಟದ ಮಟ್ಟದಲ್ಲಿರಲಿ: ಗುಂಡಿ, ಕಲ್ಲು, ಹಾವಿಗೆ ಉದ್ದ ನೆರಳು ಬಿದ್ದು ಎದ್ದು ಕಾಣುತ್ತವೆ. ಮಂಜಿನಲ್ಲೂ ಹಾಗೆಯೇ, ಇಲ್ಲದಿದ್ದರೆ ಬೆಳಕು ಮಂಜಿಗೆ ತಾಗಿ ಕಣ್ಣಿಗೇ ವಾಪಸ್ ಬರುತ್ತದೆ. ಕಬ್ಬಿನ ಗದ್ದೆಯಲ್ಲಿ ಚಿರತೆಯ ಅನುಮಾನವಿದ್ದರೆ ಮಾತ್ರ ಟಾರ್ಚನ್ನು ಕೆನ್ನೆಯ ಪಕ್ಕ ಹಿಡಿದು ಬಿಡಬೇಕು. ಪ್ರಾಣಿಯ ಕಣ್ಣಿನ ಹೊಳಪು ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಟಾರ್ಚ್ ಸೊಂಟದಲ್ಲಿದ್ದರೆ ಅದು ನಿಮ್ಮ ಕಣ್ಣಿಗೆ ಸಿಗದು. ಜೋಡಿ ಕಣ್ಣು ಹೊಳೆದರೆ ಬಂದ ದಾರಿಗೆ ಹಿಂದೆ ಸರಿಯಿರಿ, ಮೋಟಾರ್ ಬೆಳಗ್ಗೆ ಹಾಕಿದರಾಯಿತು.

ಹೆಜ್ಜೆ 6: ಅಂಗಡಿಯಲ್ಲಿ ಐದು ನಿಮಿಷ

ಬಿಳಿ ಗೋಡೆಗೆ ಎರಡು ಮೀಟರ್ ದೂರದಿಂದ ಬಿಡಿ. ನಡುವೆ ಒತ್ತಾದ ಬೆಳಕು, ಸುತ್ತ ಮೆಲ್ಲಗೆ ಕರಗುವ ಬೆಳಕು ಇದ್ದರೆ ಸರಿ. ಕಪ್ಪು ಉಂಗುರ, ಹಸಿರು ಛಾಯೆ ಇದ್ದರೆ ಬೇಡ. ಮುಂಭಾಗ ಎಳೆದರೆ 'ಜೂಮ್' ಆಗುವ ಟಾರ್ಚುಗಳಲ್ಲಿ ಗೋಡೆಯ ಮೇಲೆ ಚೌಕ ಮೂಡುತ್ತದೆ, ಅದು ಎಲ್‌ಇಡಿಯದೇ ಪಡಿಯಚ್ಚು. ಎಳೆದಾಗ ಬೆಳಕಿನ ಬಹುಪಾಲು ಕೊಳವೆಯೊಳಗೇ ಸೋರಿಹೋಗುತ್ತದೆ. ಜೊತೆಗೆ ಆ ಎಳೆದಾಟ ಸೈಕಲ್ ಪಂಪಿನಂತೆ ಗಾಳಿಯನ್ನೂ ತೇವವನ್ನೂ ಒಳಗೆಳೆಯುತ್ತದೆ.

ಚಿಕ್ಕ ಮೋಡಿನಲ್ಲಿಟ್ಟು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಪರದೆಯ ಮೇಲೆ ಪಟ್ಟೆಪಟ್ಟೆ ಓಡಿದರೆ ಬೆಳಕನ್ನು ಪಟಪಟ ಆರಿಸಿ-ಹೊತ್ತಿಸಿ ಕಡಿಮೆ ಮಾಡುತ್ತಿದೆ ಎಂದರ್ಥ. ಬಹಳ ಹೊತ್ತಿಗೆ ತಲೆ ನೋಯಬಹುದು. ಕಿವಿಯ ಬಳಿ ಅಲುಗಾಡಿಸಿ, ಗಡಗಡ ಎನ್ನಬಾರದು. ಹಿಂಬದಿಯ ಮುಚ್ಚಳ ತಿರುಗಿಸಿ: ಥ್ರೆಡ್ ನುಣ್ಣಗೆ ಓಡಬೇಕು, ರಬ್ಬರ್ ಉಂಗುರ ಕಾಣಬೇಕು, ಅದರ ಮೇಲೆ ಗ್ರೀಸಿನ ತೇವವಿರಬೇಕು.

ಚಾರ್ಜಿಂಗ್ ಕಿಂಡಿ ಟೈಪ್-ಸಿ ಆಗಿದ್ದರೆ ಎರಡು ಬಗೆಯ ಕೇಬಲ್ಲಿನಲ್ಲೂ ಹಾಕಿ ನೋಡಿ. ಎರಡೂ ಕಡೆ ಸಿ ಇರುವ ಕೇಬಲ್ಲಿಗೆ ಎಷ್ಟೋ ಅಗ್ಗದ ಟಾರ್ಚುಗಳು ಚಾರ್ಜ್ ಆಗುವುದೇ ಇಲ್ಲ. ಚಾರ್ಜರಿಗೆ 'ನಾನಿದ್ದೇನೆ' ಎಂದು ಹೇಳುವ ಎರಡು ಸಣ್ಣ ರೆಸಿಸ್ಟರುಗಳನ್ನು ದುಡ್ಡು ಉಳಿಸಲು ಅದರಲ್ಲಿ ಹಾಕದೆ ಬಿಟ್ಟಿರುತ್ತಾರೆ. ಟಾರ್ಚ್ ಕೆಟ್ಟಿದೆ ಎಂದು ಹಿಂತಿರುಗಿಸುವ ಜಗಳಗಳಲ್ಲಿ ಇದೂ ಒಂದು.

ಹೆಜ್ಜೆ 7: ಮನೆಗೆ ತಂದಮೇಲೆ

ಐಪಿಎಕ್ಸ್ 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು. ಪರೀಕ್ಷೆಗೆ ಮೊದಲು ಸೆಲ್ಲು ಹೊರಗೆ ತೆಗೆಯಿರಿ. ಕೊಳವೆಯೊಳಗೆ ಸುರುಳಿ ಮಾಡಿದ ಟಿಶ್ಯೂ ಕಾಗದ ತುರುಕಿ, ಮುಚ್ಚಳ ಬಿಗಿದು, ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಹೊರಗೆ ಚೆನ್ನಾಗಿ ಒರೆಸಿ ಬಿಚ್ಚಿ. ಕಾಗದ ಒಣಗಿದ್ದರೆ ಮಳೆಗಾಲಕ್ಕೆ ಚಿಂತೆಯಿಲ್ಲ, ತುದಿ ಒದ್ದೆಯಾಗಿದ್ದರೆ ವಾಪಸ್ ಕೊಡಿ.

ಮೂರು ನಾಲ್ಕು ತಿಂಗಳಿಗೊಮ್ಮೆ ಥ್ರೆಡ್ಡಿನ ಕಪ್ಪು ಕೊಳೆಯನ್ನು ಹತ್ತಿಬಟ್ಟೆಯಿಂದ ಒರೆಸಿ, ರಬ್ಬರ್ ಉಂಗುರಕ್ಕೆ ಅಕ್ಕಿಕಾಳಿನಷ್ಟು ಸಿಲಿಕೋನ್ ಗ್ರೀಸ್ ಸವರಿ. ಕೊಬ್ಬರಿ ಎಣ್ಣೆ ಬೇಡ, ಅದು ಗಟ್ಟಿಯಾಗಿ ಧೂಳು ಹಿಡಿಯುತ್ತದೆ. ಟಾರ್ಚ್ ಮಿಣುಕತೊಡಗಿದರೆ ಎಸೆಯುವ ಮೊದಲು ಹಿಂಬದಿಯ ಮುಚ್ಚಳದೊಳಗೆ ನೋಡಿ. ಸ್ಪ್ರಿಂಗಿನ ಸುತ್ತ ಎರಡು ತೂತಿನ ಒಂದು ಲೋಹದ ಬಿಲ್ಲೆ ಇರುತ್ತದೆ, ಗುಂಡಿಯನ್ನು ಹಿಡಿದಿರುವುದು ಅದೇ. ಬಳಸುತ್ತಾ ಬಳಸುತ್ತಾ ಸಡಿಲವಾಗುತ್ತದೆ. ಚಿಮಟದ ಎರಡು ತುದಿಯನ್ನು ಆ ತೂತಿಗೆ ಕೊಟ್ಟು ಬಲಕ್ಕೆ ಕಾಲು ಸುತ್ತು ತಿರುಗಿಸಿದರೆ ಮಿಣುಕುವ ಎಷ್ಟೋ ಟಾರ್ಚುಗಳು ಅಲ್ಲೇ ಸರಿಹೋಗುತ್ತವೆ.

ಲಿಥಿಯಂ ಸೆಲ್ಲನ್ನು ಪೂರ್ತಿ ಬರಿದು ಮಾಡಬೇಡಿ, ಬೆಳಕು ಇಳಿದದ್ದು ಕಂಡ ಕೂಡಲೇ ಚಾರ್ಜಿಗೆ ಹಾಕಿ. 2.5 ವೋಲ್ಟಿಗಿಂತ ಕೆಳಗೆ ಹೋದದ್ದನ್ನು ಮತ್ತೆ ಚಾರ್ಜ್ ಮಾಡುವುದು ಅಪಾಯ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದ ಸೆಲ್ಲನ್ನು ಬಳಸಬೇಡಿ. ಹೆಚ್ಚುವರಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ಇರುವ ಜೇಬಿಗೆ ಬರಿದೇ ಹಾಕಿದರೆ ಶಾರ್ಟ್ ಆಗಿ ಬೆಂಕಿ ಏಳಬಹುದು, ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡೂ ಅದರ ಜಾಗವಲ್ಲ.

ಟಾರ್ಚನ್ನು ಜೇಬಿಗೆ ಹಾಕುವ ಮೊದಲು ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ. ಥ್ರೆಡ್ಡಿಗೂ ಬಣ್ಣದ ಲೇಪ ಬಂದಿರುವ ಟಾರ್ಚುಗಳಲ್ಲಿ ಅಷ್ಟಕ್ಕೇ ಕರೆಂಟ್ ಕಡಿದು, ಗುಂಡಿ ಅಕಸ್ಮಾತ್ ಅದುಮಿದರೂ ಹೊತ್ತುವುದಿಲ್ಲ. ಥ್ರೆಡ್ ಬೆಳ್ಳಗೆ ಹೊಳೆಯುತ್ತಿದ್ದರೆ ಈ ಉಪಾಯ ನಡೆಯದು. ಆಗ ಗುಂಡಿ ಒಳಗೆ ತಗ್ಗಿರುವ ಮಾದರಿಯನ್ನೇ ಆರಿಸಬೇಕು. ದೊಡ್ಡ ಮೋಡಿನಲ್ಲಿ ಹೊತ್ತಿಕೊಂಡ ಟಾರ್ಚ್ ಜೇಬಿನ ಬಟ್ಟೆಯನ್ನು ಸುಡುವಷ್ಟು ಕಾಯುತ್ತದೆ, ಬಸ್ಸಿನ ನೂಕುನುಗ್ಗಲಿನಲ್ಲಿ ಅದು ಗೊತ್ತಾಗುವುದು ತೊಡೆಗೆ ಚುರುಕು ಮುಟ್ಟಿದ ಮೇಲೆಯೇ.